ಡಿಕಾಕ್ಷನ್ ಯಾಕೆ ಇಳಿಯಲ್ಲ? ಗೂಗಲ್ ಸರ್ಚ್ ಕನ್ಸೋಲ್ ಜೊತೆ ಒಂದೂವರೆ ವರ್ಷ

2024ರ ಜನವರಿಯಲ್ಲಿ ದಾವಣಗೆರೆಯಿಂದ ಒಬ್ಬರು ಹಿರಿಯರು ನಮ್ಮ ಅಂಗಡಿಗೆ ಫೋನ್ ಮಾಡಿದರು. ನಿವೃತ್ತ ಮೇಷ್ಟ್ರಂತೆ. "ನಿಮ್ಮ ಪುಡಿ ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತೆ ಅಂತ ನಿಮ್ಮ ವೆಬ್‌ಸೈಟಲ್ಲೇ ಓದಿದೆ. ಹಾಗಾದ್ರೆ ಮಾತ್ರೆ ನಿಲ್ಲಿಸಬಹುದಾ ಅಮ್ಮ?" ಅಂತ ಕೇಳಿದರು.

ನನಗೆ ಎದೆ ಝಲ್ ಎಂದಿತು. "ಸಾರ್, ದಯವಿಟ್ಟು ಮಾತ್ರೆ ಬಿಡಬೇಡಿ. ಡಾಕ್ಟರು ಹೇಳಿದ ಹಾಗೇ ಮಾಡಿ. ಆ ಮಾತು ನಾವು ಬರೆದಿದ್ದಲ್ಲ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ನಿಮ್ಮ ಅಂಗಡಿ ಹೆಸರೇ ಇದೆಯಲ್ಲಮ್ಮ" ಅಂದರು. ಅವರು ಹೇಳಿದ್ದು ಸರಿ. ಹೆಸರು ನಮ್ಮದೇ ಇತ್ತು. ಮಾವ ನಲವತ್ತು ವರ್ಷ ಕಾಪಾಡಿಕೊಂಡು ಬಂದ ಹೆಸರು.

ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಒಳಗೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ ನಮ್ಮ ಕಾಫಿ ಪುಡಿ ಅಂಗಡಿ ಇದೆ. ಹುರಿಯುವುದು, ಪುಡಿ ಮಾಡುವುದು ನಮ್ಮ ಯಜಮಾನರ ಕೆಲಸ. ಲೆಕ್ಕ, ಪಾರ್ಸೆಲ್, ಫೋನು, ವೆಬ್‌ಸೈಟು ನನ್ನ ಕೆಲಸ. 2021ರಲ್ಲಿ, ಲಾಕ್‌ಡೌನ್ ಆದಮೇಲೆ, ಊರಿಗೆ ಬರಲಾಗದ ಗಿರಾಕಿಗಳಿಗೆ ಪುಡಿ ಕಳಿಸೋಣ ಅಂತ ವೆಬ್‌ಸೈಟ್ ಮಾಡಿಸಿದೆವು. ಎರಡು ವರ್ಷ ಅದು ಸುಮ್ನೆ ಇತ್ತು. ಯಾರೂ ಬರುತ್ತಿರಲಿಲ್ಲ. 2023ರಲ್ಲಿ ಒಂದು ಆನ್‌ಲೈನ್ ಮಾರ್ಕೆಟಿಂಗ್ ಕಂಪನಿಗೆ ಕೆಲಸ ಕೊಟ್ಟೆವು. ಹೆಸರು ಬೇಡ. ತಿಂಗಳಿಗೆ 18,000 ರೂಪಾಯಿ. ಹತ್ತು ತಿಂಗಳು ಕೊಟ್ಟೆವು. ನಮ್ಮಂಥ ಅಂಗಡಿಗೆ ಅದು ಸಣ್ಣ ದುಡ್ಡಲ್ಲ.

ಅವರು 64 ಲೇಖನ ಹಾಕಿದ್ದರು. ಒಂದನ್ನೂ ನಾನು ಪೂರ್ತಿ ಓದಿರಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಮೇಷ್ಟ್ರ ಫೋನ್ ಬಂದ ರಾತ್ರಿ ಕೂತು ಓದಿದೆ. ಸಕ್ಕರೆ ಕಾಯಿಲೆಗೆ ಕಾಫಿ ಅಂತ ಒಂದು ಲೇಖನ. ಡಿಸೆಂಬರಿನಲ್ಲಿ ಚಿಕ್ಕಮಗಳೂರಿಗೆ ಬಂದು ಕಾಫಿ ಹೂ ನೋಡಿ ಅಂತ ಇನ್ನೊಂದು. ಡಿಸೆಂಬರಿನಲ್ಲಿ ಇಲ್ಲಿ ಹಣ್ಣು ಕುಯ್ಲು ನಡೆಯುತ್ತಿರುತ್ತದೆ. ಹೂ ಬರುವುದು ಮಾರ್ಚ್, ಏಪ್ರಿಲ್ ಹೊತ್ತಿಗೆ, ಹೂಮಳೆ ಬಿದ್ದ ಮೇಲೆ. ಇಲ್ಲಿಯ ಮಕ್ಕಳಿಗೂ ಗೊತ್ತಿರುವ ವಿಷಯ ಇದು. ಬರೆದವರು ಕಾಫಿ ಗಿಡ ನೋಡಿರಲಿಕ್ಕಿಲ್ಲ. ಒಂದೊಂದು ಲೇಖನದಲ್ಲೂ "ಬೆಸ್ಟ್ ಕಾಫಿ ಪೌಡರ್" ಅನ್ನುವ ಮಾತು ಹದಿನೈದು, ಇಪ್ಪತ್ತು ಸಲ.

ತಿನ್ನುವ, ಕುಡಿಯುವ ಪದಾರ್ಥ ಕಾಯಿಲೆ ವಾಸಿ ಮಾಡುತ್ತೆ ಅಂತ ಜಾಹೀರಾತು ಮಾಡುವ ಹಾಗಿಲ್ಲ. ಆಹಾರ ಸುರಕ್ಷತೆಯವರ 2018ರ ನಿಯಮ ಇದೆ. ಲೈಸೆನ್ಸ್ ಇರುವುದು ನಮ್ಮ ಯಜಮಾನರ ಹೆಸರಲ್ಲಿ. ಆ ಕಂಪನಿಗೆ ಫೋನ್ ಮಾಡಿದರೆ, "ಮೇಡಂ, ರಿಪೋರ್ಟ್ ನೋಡಿ, ಗ್ರೋತ್ ಚೆನ್ನಾಗಿದೆ" ಅಂತಲೇ ಹೇಳಿದರು.

ಇಷ್ಟು ಹೇಳಿದ್ದು ಯಾಕೆ ಅಂದರೆ, ಆಮೇಲೆ ನಾನು ಬಳಸಲು ಶುರು ಮಾಡಿದ ಗೂಗಲ್ ಸರ್ಚ್ ಕನ್ಸೋಲ್ ಬಗ್ಗೆ ಬರೆಯಬೇಕಿತ್ತು. ಈ ಕಥೆ ಬಿಟ್ಟರೆ ಅದರ ಬೆಲೆ ಗೊತ್ತಾಗುವುದಿಲ್ಲ.

ಸರ್ಚ್ ಕನ್ಸೋಲ್ ಅಂದರೆ ಗೂಗಲ್ಲಿನವರೇ ವೆಬ್‌ಸೈಟ್ ಇರುವವರಿಗೆ ಪುಕ್ಕಟೆಯಾಗಿ ಕೊಡುವ ಒಂದು ಸೌಲಭ್ಯ. ಮೊದಲು ವೆಬ್‌ಮಾಸ್ಟರ್ ಟೂಲ್ಸ್ ಅಂತ ಹೆಸರಿತ್ತು, 2015ರಲ್ಲಿ ಹೆಸರು ಬದಲಾಯಿತು. ಜನ ಗೂಗಲ್ಲಿನಲ್ಲಿ ಏನು ಅಂತ ಬರೆದು ಹುಡುಕಿದಾಗ ನಮ್ಮ ಪುಟ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿ ಒಳಗೆ ಬಂದರು, ಸಾಲಿನಲ್ಲಿ ನಮ್ಮದು ಎಷ್ಟನೆಯದು, ಇಷ್ಟನ್ನು ತೋರಿಸುತ್ತದೆ. 16 ತಿಂಗಳ ಲೆಕ್ಕ ಇಟ್ಟಿರುತ್ತದೆ. ಗೂಗಲ್ ನಮ್ಮ ಯಾವ ಪುಟವನ್ನು ತನ್ನ ಪಟ್ಟಿಗೆ ಸೇರಿಸಿದೆ, ಯಾವುದನ್ನು ಬಿಟ್ಟಿದೆ ಅನ್ನುವುದನ್ನೂ ತೋರಿಸುತ್ತದೆ.

ನನಗೆ ಇದನ್ನು ತೋರಿಸಿಕೊಟ್ಟವನು ತಂಗಿ ಮಗ. ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಬಂದಿದ್ದ. ಲ್ಯಾಪ್‌ಟಾಪ್ ತೆಗೆದು ನೋಡಿ, "ದೊಡ್ಡಮ್ಮ, ನಿಮ್ಮ ಮನೆ ಬೀಗದ ಕೈ ಬೇರೆಯವರ ಹತ್ರ ಇದೆ" ಅಂದ. ಆ ಕಂಪನಿ ತಮ್ಮದೇ ಖಾತೆಯಲ್ಲಿ ಸರ್ಚ್ ಕನ್ಸೋಲ್ ತೆರೆದುಕೊಂಡಿತ್ತು. ನಮಗೆ ಪ್ರವೇಶವೇ ಕೊಟ್ಟಿರಲಿಲ್ಲ. ಪುಣ್ಯಕ್ಕೆ ವೆಬ್‌ಸೈಟಿನ ಡೊಮೇನ್, ಅಂದರೆ ದುಡ್ಡು ಕೊಟ್ಟು ಕೊಂಡ ಸೈಟಿನ ಹೆಸರು, ನಮ್ಮ ಯಜಮಾನರ ಇ-ಮೇಲ್ ಖಾತೆಯಲ್ಲೇ ಇತ್ತು.

ಅದಿದ್ದರೆ ಸಾಕು. ಯಾರ ಅಪ್ಪಣೆಯೂ ಬೇಡ. ಸರ್ಚ್ ಕನ್ಸೋಲ್ ತೆರೆದು ನಮ್ಮ ಸೈಟಿನ ವಿಳಾಸ ಹಾಕಿದರೆ ಒಂದು ಉದ್ದದ ಅಕ್ಷರಮಾಲೆ ಕೊಡುತ್ತದೆ. ಅದನ್ನು ಡೊಮೇನ್ ಕೊಂಡ ಕಡೆ ಹೋಗಿ, ಡಿಎನ್‌ಎಸ್ ಅನ್ನುವ ಜಾಗದಲ್ಲಿ ಟಿಎಕ್ಸ್‌ಟಿ ಅಂತ ಒಂದು ಸಾಲಾಗಿ ಸೇರಿಸಬೇಕು. ಸ್ವಲ್ಪ ಹೊತ್ತು ಬಿಟ್ಟು "ವೆರಿಫೈ" ಒತ್ತಿದರೆ ಮಾಲೀಕರು ನಾವು ಅಂತ ಅದು ಒಪ್ಪಿಕೊಳ್ಳುತ್ತದೆ. ಆಮೇಲೆ ಹಳಬರನ್ನು ತೆಗೆಯಬೇಕು. ಇಲ್ಲಿ ಒಂದು ಎಚ್ಚರಿಕೆ. ಪಟ್ಟಿಯಿಂದ ಅವರ ಹೆಸರು ಅಳಿಸಿದರೆ ಮುಗಿಯಲಿಲ್ಲ. ಅವರು ಮಾಲೀಕತ್ವಕ್ಕೆ ಸೈಟಿನೊಳಗೆ ಹಾಕಿಟ್ಟ ಗುರುತನ್ನೂ ಹುಡುಕಿ ತೆಗೆಯಬೇಕು. ಇಲ್ಲದಿದ್ದರೆ ಮತ್ತೆ ಒಳಗೆ ಬರಬಹುದು. ನಮ್ಮ ಹುಡುಗ ಅದನ್ನೂ ಹುಡುಕಿ ತೆಗೆದ. ಎಲ್ಲಾ ಸೇರಿ ಒಂದು ಮಧ್ಯಾಹ್ನದ ಕೆಲಸ.

ನಿಮ್ಮ ವೆಬ್‌ಸೈಟಿನ ಕೆಲಸ ಬೇರೆ ಯಾರಾದರೂ ನೋಡಿಕೊಳ್ಳುತ್ತಿದ್ದರೆ ಇವತ್ತೇ ಒಂದು ಸಲ ಕೇಳಿ. ಡೊಮೇನ್ ಯಾರ ಹೆಸರಲ್ಲಿದೆ? ಸರ್ಚ್ ಕನ್ಸೋಲಿನಲ್ಲಿ ಮಾಲೀಕರು ಯಾರು? ಅವರಿಗೆ ಕೆಲಸ ಮಾಡಲು ಪ್ರವೇಶ ಕೊಡಿ, ಆದರೆ ಮಾಲೀಕರು ನೀವೇ ಆಗಿರಿ. ಅದರಲ್ಲೇ ಬಳಕೆದಾರರು ಅಂತ ಬೇರೆ ದರ್ಜೆ ಇದೆ, ಅದು ಅವರಿಗೆ ಸಾಕು.

ಮೊದಲು ಮಾಡಿದ ಕೆಲಸ ಸಕ್ಕರೆ ಕಾಯಿಲೆ ಪುಟ ತೆಗೆದಿದ್ದು. ಸೈಟಿನಿಂದ ಅಳಿಸಿದರೂ ಗೂಗಲ್ಲಿನಲ್ಲಿ ಕೆಲವು ದಿನ ಕಾಣಿಸುತ್ತಲೇ ಇರುತ್ತದೆ. ಅದಕ್ಕೆ "ರಿಮೂವಲ್ಸ್" ಅಂತ ಒಂದು ಜಾಗ ಇದೆ. ಅಲ್ಲಿ ವಿಳಾಸ ಹಾಕಿದರೆ ಸುಮಾರು ಆರು ತಿಂಗಳ ಮಟ್ಟಿಗೆ ಮರೆಮಾಡುತ್ತಾರೆ. ಅಷ್ಟರಲ್ಲಿ ಪುಟವೇ ಇಲ್ಲ ಅಂತ ಗೂಗಲ್ಲಿಗೂ ಗೊತ್ತಾಗಿರುತ್ತದೆ. ಮಾರನೆ ದಿನ ಹುಡುಕಿದರೆ ಕಾಣಿಸಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ಅವರು ಮಾತ್ರೆ ಬಿಟ್ಟಿರಲಿಲ್ಲ. ಆವತ್ತು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಇನ್ನು ರಿಪೋರ್ಟಿನ ಮಾತು. ಆ ಕಂಪನಿ ಪ್ರತಿ ತಿಂಗಳು ಬಣ್ಣಬಣ್ಣದ ಪಿಡಿಎಫ್ ಕಳಿಸುತ್ತಿತ್ತು. ಅದರಲ್ಲಿ "ಇಂಪ್ರೆಶನ್" ಅಂತ ಒಂದು ಗೆರೆ ಮೇಲೆ ಮೇಲೆ ಹೋಗುತ್ತಿತ್ತು. ನಾವು ಅದನ್ನೇ ನೋಡಿ ಖುಷಿಪಟ್ಟುಕೊಂಡಿದ್ದೆವು. ಇಂಪ್ರೆಶನ್ ಅಂದರೆ ಹುಡುಕಿದವರ ಮುಂದೆ ಬಂದ ಪುಟದಲ್ಲಿ ನಮ್ಮ ಲಿಂಕ್ ಎಲ್ಲೋ ಒಂದು ಕಡೆ ಇತ್ತು ಅಂತ ಅಷ್ಟೇ. ಅವರು ಅದನ್ನು ಓದಿದರು ಅಂತ ಅಲ್ಲ. ನಾನೇ ತೆರೆದು ನೋಡಿದಾಗ ಅರ್ಥವಾಯಿತು. ನಮ್ಮ ಇಂಪ್ರೆಶನ್‌ಗಳಲ್ಲಿ ಜಾಸ್ತಿ ಪಾಲು ಬಂದಿದ್ದು "ಚಿಕ್ಕಮಗಳೂರು ಹವಾಮಾನ", "ಮುಳ್ಳಯ್ಯನಗಿರಿಗೆ ಹೋಗುವ ಸಮಯ" ಇಂಥ ಹುಡುಕಾಟಗಳಿಂದ. ಸಾಲಿನಲ್ಲಿ ನಮ್ಮದು ಅರವತ್ತನೆಯದೋ ಎಪ್ಪತ್ತನೆಯದೋ. ಒಳಗೆ ಬಂದವರು ಇಲ್ಲವೇ ಇಲ್ಲ. ಬಂದರೂ ಏನು? ಬೆಟ್ಟ ಹತ್ತಲು ಹೊರಟವರು ಆ ಹೊತ್ತಿಗೆ ಕಾಲು ಕೆಜಿ ಪುಡಿ ತೆಗೆದುಕೊಳ್ಳುತ್ತಾರಾ?

64 ಲೇಖನಗಳಲ್ಲಿ 41ರ ಮುಂದೆ ಒಂದೇ ಮಾತಿತ್ತು. "ಕ್ರಾಲ್ ಆಗಿದೆ, ಸದ್ಯಕ್ಕೆ ಇಂಡೆಕ್ಸ್ ಆಗಿಲ್ಲ." ಅಂದರೆ ಗೂಗಲ್ ಬಂದು ಪುಟ ಓದಿದೆ, ಓದಿ ತನ್ನ ಪಟ್ಟಿಗೆ ಸೇರಿಸದೆ ಹೋಗಿದೆ. ಹುಡುಕುವವರಿಗೆ ಆ ಪುಟ ಇಲ್ಲವೇ ಇಲ್ಲ. ದುಡ್ಡು ಕೊಟ್ಟು ಬರೆಸಿದ್ದು ಯಾರ ಕಣ್ಣಿಗೂ ಬೀಳದ ಪುಟಗಳು. ಅದೇ 2024ರ ಮಾರ್ಚಿನಲ್ಲಿ ಗೂಗಲ್ ತನ್ನ ನಿಯಮ ಬಿಗಿ ಮಾಡಿತು. ಓದುವವರಿಗೆ ಉಪಯೋಗವಿಲ್ಲದೆ, ಹುಡುಕಾಟದಲ್ಲಿ ಮೇಲೆ ಬರಲಿಕ್ಕೆಂದೇ ರಾಶಿ ರಾಶಿ ಪುಟ ಹಾಕುವುದನ್ನು, ಮನುಷ್ಯರು ಬರೆದರೂ ಯಂತ್ರ ಬರೆದರೂ, ಸ್ಪ್ಯಾಮ್ ಅಂತಲೇ ಲೆಕ್ಕ ಅಂತ ಹೇಳಿತು. ನಾನು ಮೂರು ಲೇಖನ ಉಳಿಸಿ ಮಿಕ್ಕ ಎಲ್ಲವನ್ನೂ ಅಳಿಸಿದೆ. ಯಜಮಾನರಿಗೆ ಸಂಕಟವಾಯಿತು. "ದುಡ್ಡು ಕೊಟ್ಟಿದ್ದೀವಲ್ಲ, ಇರಲಿ ಬಿಡೇ" ಅಂದರು. "ಮುಗ್ಗಲು ಹಿಡಿದ ಬೀಜ ದುಡ್ಡು ಕೊಟ್ಟು ತಂದಿದ್ದು ಅಂತ ಒಳ್ಳೇ ಬೀಜದ ಜೊತೆ ಹುರೀತೀರಾ?" ಅಂದೆ. ಆಮೇಲೆ ಅವರು ಮಾತಾಡಲಿಲ್ಲ.

ಈಗ ಈ ಸೌಲಭ್ಯದಲ್ಲಿ ನನಗೆ ತುಂಬಾ ಇಷ್ಟವಾದ ಜಾಗಕ್ಕೆ ಬರುತ್ತೇನೆ. "ಪರ್ಫಾರ್ಮೆನ್ಸ್" ಒತ್ತಿ, ಕೆಳಗೆ "ಕ್ವೆರೀಸ್" ಅಂತ ಇರುವ ಪಟ್ಟಿ ನೋಡಿ. ಜನ ಹುಡುಕಿದ ಮಾತುಗಳು, ಅವರು ಬರೆದ ಹಾಗೇ ಇರುತ್ತವೆ. ತಪ್ಪು ಕಾಗುಣಿತವೂ ಹಾಗೇ. ಕೌಂಟರಿನ ಮುಂದೆ ನಿಂತು ಗಿರಾಕಿಗಳು ಕೇಳುತ್ತಾರಲ್ಲ, ಅದೇ ಧ್ವನಿ ಕೇಳಿಸುತ್ತದೆ. ನನ್ನ ಒಂದು ದಿನದ ಪಟ್ಟಿ ಇಲ್ಲಿ ಬರೆಯುತ್ತೇನೆ. ಚಿಕೋರಿ ಇಲ್ಲದ ಕಾಫಿ ಪುಡಿ. 80 20 ಅಂದ್ರೆ ಏನು. ಪೀಬೆರಿ ಯಾಕೆ ರೇಟ್ ಜಾಸ್ತಿ. ಕಾಫಿ ಪುಡಿ ಫ್ರಿಜ್ಜಲ್ಲಿ ಇಡಬಹುದಾ. ಕಾಫಿ ಹುಳಿ ಯಾಕೆ ಬರುತ್ತೆ. ಡಿಕಾಕ್ಷನ್ ಇಳಿಯುತ್ತಿಲ್ಲ.

ಕೆಲವರು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಕೆಲವರು ಇಂಗ್ಲಿಷಲ್ಲಿ. ತುಂಬಾ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ, "ಕಾಫಿ ಪುಡಿ" ಅನ್ನುವುದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕೈದು ತರಹ. ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಸೈಟಿನಲ್ಲಿ ಇಂಗ್ಲಿಷ್ ಬಿಟ್ಟರೆ ಒಂದು ಕನ್ನಡ ಅಕ್ಷರ ಇರಲಿಲ್ಲ. ಚಿಕ್ಕಮಗಳೂರಿನ ಅಂಗಡಿ, ಕನ್ನಡದ ಗಿರಾಕಿಗಳು, ಕನ್ನಡದಲ್ಲಿ ಪ್ರಶ್ನೆ. ಉತ್ತರ ಮಾತ್ರ ಇಂಗ್ಲಿಷಲ್ಲಿ. ನೋಡಿ ಬೇಜಾರಾಯಿತು.

ಊರಿನ ಹೆಸರಿನದ್ದೂ ಒಂದು ಕಥೆ. 2014ರ ನವೆಂಬರ್ 1ರಿಂದ ಇಂಗ್ಲಿಷಲ್ಲೂ ನಮ್ಮ ಊರು ಚಿಕ್ಕಮಗಳೂರು ಅಂತಲೇ ಆಯಿತು. ನಾವೂ ಸೈಟಿನಲ್ಲಿ ಎಲ್ಲಾ ಕಡೆ ಹೊಸ ಕಾಗುಣಿತವನ್ನೇ ಹಾಕಿದ್ದೆವು. ಪಟ್ಟಿ ನೋಡಿದರೆ ಹುಡುಕುವವರಲ್ಲಿ ಹೆಚ್ಚಿನವರು ಈಗಲೂ ಹಳೆಯ "ಚಿಕ್‌ಮಗಳೂರ್" ಅಂತಲೇ ಬರೆಯುತ್ತಾರೆ. 2019ರಲ್ಲಿ ನಮ್ಮ ಅರೇಬಿಕಾಗೆ ಭೌಗೋಳಿಕ ಗುರುತು, ಅದೇ ಜಿಐ ಟ್ಯಾಗ್, ಸಿಕ್ಕಿದ್ದೂ ಆ ಹಳೇ ಕಾಗುಣಿತದಲ್ಲೇ. ಬಾಬಾಬುಡನ್‌ಗಿರಿ ಅರೇಬಿಕಾಗೂ ಅದೇ ವರ್ಷ ಸಿಕ್ಕಿತು. ಈಗ ನಮ್ಮ ಪುಟದಲ್ಲಿ ಹೊಸ ಹೆಸರು ಮುಂದೆ ಇದೆ, ಹಳೇ ಹೆಸರಿಗೂ ಒಂದು ಸಾಲು ಇದೆ. ಅದೇ ಪುಟದಲ್ಲಿ ಇನ್ನೊಂದು ಮಾತೂ ಬರೆದೆ. ಜಿಐ ಗುರುತು ಬಳಸಲು ಅದಕ್ಕೆ ನೋಂದಣಿ ಬೇಕು, ನಾವು ಮಾಡಿಸಿಲ್ಲ. ನಮ್ಮ ಮನೆ ಮಿಶ್ರಣದಲ್ಲಿ ಅರೇಬಿಕಾ ಅಲ್ಲದ ಇನ್ನೊಂದು ಜಾತಿಯ ಕಾಫಿ, ರೊಬಸ್ಟಾ ಕೂಡ ಇರುತ್ತದೆ. "ಒರಿಜಿನಲ್ ಚಿಕ್ಕಮಗಳೂರು ಕಾಫಿ" ಅಂತ ಹುಡುಕಿ ಬಂದವರಿಗೆ ಇದು ತಿಳಿದಿರಬೇಕು ಅಲ್ವಾ?

"ಡಿಕಾಕ್ಷನ್ ಇಳಿಯುತ್ತಿಲ್ಲ" ಅನ್ನುವ ಸಾಲನ್ನು ಬಿಡಿಸಿ ಹೇಳಬೇಕು. ಆ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಪಟ್ಟಿಯಲ್ಲಿ ಹತ್ತು ಹನ್ನೆರಡು ಸಲ ಇತ್ತು. ಫಿಲ್ಟರ್ ಬ್ಲಾಕ್, ಡಿಕಾಕ್ಷನ್ ನಿಂತುಹೋಗಿದೆ, ಕಾಫಿ ಫಿಲ್ಟರ್ ತೂತು ಕಟ್ಟಿದೆ. ನಮ್ಮ ಸೈಟು ಸಾಲಿನಲ್ಲಿ ನಲವತ್ತರ ಆಚೆ. ಯಾಕಂದರೆ ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವೇ ಇರಲಿಲ್ಲ. ಎಲ್ಲೋ ಒಂದು ಕಡೆ ಡಿಕಾಕ್ಷನ್ ಅನ್ನುವ ಪದ ಇತ್ತು ಅಷ್ಟೇ.

ಸಂಜೆ ಅತ್ತೆಗೆ ಹೇಳಿದೆ. ಅತ್ತೆಗೆ 76 ವರ್ಷ. ಕಾಫಿ ವಿಷಯದಲ್ಲಿ ಈ ಮನೆಯಲ್ಲಿ ಅವರ ಮಾತೇ ಕೊನೆ. "ಇದನ್ನ ಜನ ಕಂಪ್ಯೂಟರ್ ಕೇಳ್ತಾರಾ?" ಅಂತ ಆಶ್ಚರ್ಯಪಟ್ಟರು. ಆಮೇಲೆ, "ಬರ್ಕೊ ಕಣೆ, ಹೇಳ್ತೀನಿ" ಅಂದರು.

ಅವರು ಹೇಳುತ್ತಾ ಹೋದರು, ನಾನು ಬರೆದೆ. ಪುಡಿ ತುಂಬಾ ನುಣುಪಾಗಿದ್ದರೆ ಇಳಿಯಲ್ಲ. ಫಿಲ್ಟರಿಗೆ ಪುಡಿ ತೆಗೆದುಕೊಳ್ಳುವಾಗ ಅಂಗಡಿಯವರಿಗೆ ಫಿಲ್ಟರಿಗೆ ಅಂತಲೇ ಹೇಳಬೇಕು. ಪುಡಿ ಹಾಕಿದ ಮೇಲೆ ಒತ್ತುವ ಬಿಲ್ಲೆಯಿಂದ ಮೆತ್ತಗೆ ಸಮ ಮಾಡಬೇಕು, ಅದುಮಬಾರದು. ಚಿಕೋರಿ ಜಾಸ್ತಿ ಇದ್ದರೆ ನೀರು ಹಿಡಿದುಕೊಳ್ಳುತ್ತೆ, ಇಳಿಯೋದು ನಿಧಾನ, ಆದರೆ ಡಿಕಾಕ್ಷನ್ ಗಟ್ಟಿ. ನೀರು ಕುದಿ ಬಂದು ಇಳಿಸಿದ ತಕ್ಷಣದ್ದು ಇರಬೇಕು, ಆರಿದ ನೀರು ಹಾಕಿದರೆ ಮೇಲೇ ನಿಲ್ಲುತ್ತೆ. ಇಷ್ಟೆಲ್ಲಾ ಸರಿ ಇದ್ದೂ ಇಳಿಯಲಿಲ್ಲ ಅಂದರೆ ತೂತು ಕಟ್ಟಿದೆ ಅಂತ ಅರ್ಥ. ಸ್ಟೀಲ್ ಫಿಲ್ಟರ್ ಆದರೆ ಮೇಲಿನ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಸಣ್ಣ ಉರಿಯ ಮೇಲೆ ತೋರಿಸಬೇಕು. ತೂತಿನಲ್ಲಿ ಕೂತ ಹಳೇ ಪುಡಿ ಸುಟ್ಟು ಕಪ್ಪಗಾಗುತ್ತೆ. ಆರಿದ ಮೇಲೆ ತೊಳೆದು ಬೆಳಕಿಗೆ ಹಿಡಿದು ನೋಡಬೇಕು. ಒಂದೊಂದು ತೂತೂ ನಕ್ಷತ್ರದ ಹಾಗೆ ಕಾಣಬೇಕು.

ಆ ಕೊನೆಯ ಮಾತನ್ನು ಹಾಗೇ ಬರೆದೆ. ಅತ್ತೆ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದಿರುವ ಫೋಟೋ ತೆಗೆದು ಹಾಕಿದೆ. ಅವರ ಕೈ, ಎರಡು ಹಸಿರು ಬಳೆ, ಬಟ್ಟಲಿನ ತಳದಲ್ಲಿ ಚುಕ್ಕಿ ಚುಕ್ಕಿ ಬೆಳಕು. ಕನ್ನಡದಲ್ಲಿ ಒಂದು ಪುಟ, ಇಂಗ್ಲಿಷಲ್ಲಿ ಒಂದು ಪುಟ. ಪುಟದ ತಲೆಬರಹ "ಡಿಕಾಕ್ಷನ್ ಯಾಕೆ ಇಳಿಯಲ್ಲ? ಐದು ಕಾರಣ, ಮನೆಯಲ್ಲೇ ಪರಿಹಾರ". ಸರ್ಚ್ ಕನ್ಸೋಲಿನಲ್ಲಿ ಪುಟದ ವಿಳಾಸ ಹಾಕಿ ಪಟ್ಟಿಗೆ ಸೇರಿಸಿ ಅಂತ ಕೋರಿಕೆ ಕೊಟ್ಟೆ. ನಾಲ್ಕು ದಿನಕ್ಕೆ ಸೇರಿತು.

ಮೊದಲ ತಿಂಗಳು ಆ ಪುಟಕ್ಕೆ ಬಂದವರು 11 ಜನ. ಎರಡನೇ ತಿಂಗಳು 40ರ ಹತ್ತಿರ. ನಾನು ಬಿಡಲಿಲ್ಲ. ಜನ ಆ ಪುಟಕ್ಕೆ ಏನು ಕೇಳಿಕೊಂಡು ಬರುತ್ತಿದ್ದಾರೆ ಅಂತ ಮತ್ತೆ ಪಟ್ಟಿ ನೋಡಿದೆ. ರಾತ್ರಿ ಹಾಕಿಟ್ಟರೆ ಬೆಳಿಗ್ಗೆವರೆಗೆ ಚೆನ್ನಾಗಿರುತ್ತಾ ಅಂತ ಕೇಳುವವರಿದ್ದರು. ಅದಕ್ಕೂ ನಾಲ್ಕು ಸಾಲು ಸೇರಿಸಿದೆ. ಐದನೇ ತಿಂಗಳ ಹೊತ್ತಿಗೆ ಪುಟ ಮೊದಲ ಹತ್ತರೊಳಗೆ ಬಂತು, ತಿಂಗಳಿಗೆ 300 ಜನ ದಾಟಿದರು. ಹತ್ತು ತಿಂಗಳು ದುಡ್ಡು ಕೊಟ್ಟಾಗ ಇಡೀ ಸೈಟಿಗೆ ಅಷ್ಟು ಜನ ಬಂದಿರಲಿಲ್ಲ.

ಆದರೆ ಜನ ಬಂದರೆ ಪುಡಿ ಹೋಗುತ್ತದಾ? ಈ ಪ್ರಶ್ನೆಗೆ ಸರ್ಚ್ ಕನ್ಸೋಲ್ ಉತ್ತರ ಕೊಡುವುದಿಲ್ಲ. ಅದರ ಕೆಲಸ ಗೂಗಲ್ಲಿನಿಂದ ನಮ್ಮ ಬಾಗಿಲವರೆಗೆ ಮಾತ್ರ. ಒಳಗೆ ಬಂದವರು ಏನು ಕೊಂಡರು ಅಂತ ಅದಕ್ಕೆ ಗೊತ್ತಿಲ್ಲ. ಅದಕ್ಕೆ ನಾನು ಗಲ್ಲಾ ಪೆಟ್ಟಿಗೆ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹೊಸಬರು ಫೋನ್ ಮಾಡಿದರೆ, "ನಮ್ಮ ಅಂಗಡಿ ನಿಮಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿ ಬರೆದುಕೊಳ್ಳುತ್ತೇನೆ. ಡಿಕಾಕ್ಷನ್ ಪುಟ ಓದಿ ಬಂದವರು ಒಂದು ತಿಂಗಳು ಒಂಬತ್ತು ಜನ, ಇನ್ನೊಂದು ತಿಂಗಳು ಹದಿನಾಲ್ಕು. ಅದರಲ್ಲಿ ಅರ್ಧ ಜನ ಮತ್ತೆ ಮತ್ತೆ ತರಿಸಿಕೊಳ್ಳುತ್ತಾರೆ. ಶಿರಸಿಯ ಒಬ್ಬ ಗೃಹಿಣಿ ಮೊದಲು ತಮ್ಮ ಫಿಲ್ಟರ್ ಸರಿಹೋಯಿತು ಅಂತ ಹೇಳಲೆಂದೇ ಫೋನ್ ಮಾಡಿದರು. ಪುಡಿ ಕೇಳಿದ್ದು ಮಾತಿನ ಕೊನೆಗೆ.

ತಲೆಬರಹದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಸೈಟಿನ ಮುಖಪುಟದ ತಲೆಬರಹ ಬರೀ "ವೆಲ್‌ಕಮ್" ಅಂತ ಇತ್ತು. ಗೂಗಲ್ಲಿನಲ್ಲಿ ಸಾಲಾಗಿ ಹತ್ತು ಅಂಗಡಿ ಕಾಣುವಾಗ ವೆಲ್‌ಕಮ್ ಅಂತ ಇರುವುದನ್ನು ಯಾರು ಒತ್ತುತ್ತಾರೆ? ಅಂಗಡಿ ಹೆಸರು, ಊರು, "ಚಿಕೋರಿ ಇಲ್ಲದ ಪುಡಿ, 80:20, 70:30" ಅಂತ ಹಾಕಿದೆ. ಸಾಲಿನಲ್ಲಿ ನಮ್ಮ ಜಾಗ ಬದಲಾಗದಿದ್ದರೂ ಒತ್ತುವವರು ಜಾಸ್ತಿ ಆದರು. ದರಪಟ್ಟಿಯನ್ನು ಬೋರ್ಡಿನ ಫೋಟೋ ತೆಗೆದು ಹಾಕಿದ್ದೆವು. ಅದನ್ನೂ ಅಕ್ಷರಗಳಲ್ಲೇ ಬರೆದೆ. 80:20 ಅಂದರೆ ನೂರು ಗ್ರಾಂನಲ್ಲಿ 80 ಕಾಫಿ, 20 ಚಿಕೋರಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ 51 ಪರ್ಸೆಂಟಿಗಿಂತ ಕಡಿಮೆ ಇರುವ ಹಾಗಿಲ್ಲ. ಪೊಟ್ಟಣದ ಮೇಲೆ ಪ್ರಮಾಣ ಬರೆಯಲೇಬೇಕು. ಗಿರಾಕಿಗಳು ಇದನ್ನು ಅಂಗಡಿಯಲ್ಲಿ ಕೇಳಲು ಸಂಕೋಚಪಡುತ್ತಾರೆ, ಗೂಗಲ್ಲಿನಲ್ಲಿ ಧಾರಾಳವಾಗಿ ಕೇಳುತ್ತಾರೆ.

ಹಳೇ ಕಂಪನಿಯ ಬಿಲ್ಲಿನಲ್ಲಿ "ಮೆಟಾ ಕೀವರ್ಡ್ಸ್" ಅಂತ ಒಂದು ಬಾಬ್ತು ಇತ್ತು. ಪುಟದ ಹಿಂದೆ, ಓದುವವರಿಗೆ ಕಾಣದ ಹಾಗೆ ಪದಗಳ ಪಟ್ಟಿ ಹಾಕುವುದು. ಹುಡುಕಾಟದ ಸಾಲು ನಿರ್ಧರಿಸಲು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಯಾರಾದರೂ ಇದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ. ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಐನೂರು ಲಿಂಕ್ ಕೊಡಿಸುತ್ತೇವೆ ಅನ್ನುವವರಿಗೂ ಅಷ್ಟೇ. ದುಡ್ಡು ಕೊಟ್ಟು ಲಿಂಕ್ ಕಟ್ಟಿಸಿಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ.

ಇನ್ನು ಈ ಸೌಲಭ್ಯದ ಕೊರತೆಗಳು. ಇವೆ, ಮುಚ್ಚಿಡುವುದಿಲ್ಲ.

ಪುಟವನ್ನು ಯಾಕೆ ಪಟ್ಟಿಗೆ ಸೇರಿಸಲಿಲ್ಲ ಅಂತ ಅದು ಬಿಡಿಸಿ ಹೇಳುವುದಿಲ್ಲ. ಪೀಬೆರಿ ಬಗ್ಗೆ ನಾನು ಕಷ್ಟಪಟ್ಟು ಬರೆದ ಪುಟ ಎರಡು ತಿಂಗಳು ಹೊರಗೇ ಉಳಿಯಿತು. ಕಾರಣ ಗೊತ್ತಿಲ್ಲದೆ ಒದ್ದಾಡಿದೆ. ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜ ಇರುತ್ತವೆ, ಒಂದೇ ಬೀಜ ದುಂಡಗೆ ಬೆಳೆದರೆ ಅದು ಪೀಬೆರಿ ಅಂತ ಬರೆದು, ಯಜಮಾನರು ಜರಡಿಯಲ್ಲಿ ಬೇರೆ ಮಾಡುವ ಫೋಟೋಗಳನ್ನು ಸೇರಿಸಿ, ಬೇರೆ ಪುಟಗಳಿಂದ ಅದಕ್ಕೆ ದಾರಿ ಮಾಡಿದ ಮೇಲೆ ಸೇರಿತು. ಯಾವುದರಿಂದ ಸೇರಿತು ಅಂತ ಇವತ್ತಿಗೂ ಹೇಳಲಾರೆ. ನಮ್ಮಂಥವರಿಗೆ ಒಂದು ಸಾಲಿನ ಕಾರಣ ಕೊಟ್ಟರೂ ಎಷ್ಟೋ ಸಹಾಯವಾಗುತ್ತಿತ್ತು.

ಎಲ್ಲಾ ಹುಡುಕಾಟವನ್ನೂ ತೋರಿಸುವುದಿಲ್ಲ. ಬೆರಳೆಣಿಕೆ ಜನ ಮಾತ್ರ ಹುಡುಕಿದ ಮಾತುಗಳನ್ನು, ಹುಡುಕಿದವರ ಗುಟ್ಟು ಕಾಪಾಡಲು ಮರೆಮಾಡುತ್ತಾರೆ. ಅದು ನ್ಯಾಯವೇ. ಆದರೆ ನಮ್ಮಂಥ ಸಣ್ಣ ಸೈಟಿಗೆ ಬರುವುದೇ ಬೆರಳೆಣಿಕೆ ಜನ, ಹಾಗಾಗಿ ಮರೆಯಾಗುವ ಪಾಲೂ ದೊಡ್ಡದು. ಪಟ್ಟಿಯ ಮೊತ್ತಕ್ಕೂ ಮೇಲಿನ ಮೊತ್ತಕ್ಕೂ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ, ಕಾರಣ ಇದೇ. ಲೆಕ್ಕ ಪುಸ್ತಕ ಬರೆದು ಅಭ್ಯಾಸವಿದ್ದ ನನಗೆ ಮೊದಲ ವಾರ ಇದು ತುಂಬಾ ಕಾಡಿತು.

ಪೂರ್ತಿ ಲೆಕ್ಕ ಬರುವುದಕ್ಕೆ ಎರಡು ಮೂರು ದಿನ ತಡ. ಸರಾಸರಿ ಸ್ಥಾನ ಅನ್ನುವ ಅಂಕಿ ಒಂದನ್ನೇ ನಂಬಿದರೆ ದಾರಿ ತಪ್ಪುತ್ತದೆ. ಎಲ್ಲಾ ಮಾತುಗಳನ್ನು ಕಲಸಿ ಸರಾಸರಿ ತೆಗೆಯುತ್ತಾರೆ, ಹಾಗಾಗಿ ಒಂದೊಂದೇ ಮಾತು ಆರಿಸಿ ನೋಡಬೇಕು. ಇನ್ನೊಂದು, ಈಗ ಗೂಗಲ್ ಎಷ್ಟೋ ಪ್ರಶ್ನೆಗೆ ಮೇಲ್ಗಡೆ ತಾನೇ ಎಐ ಉತ್ತರ ಬರೆದು ತೋರಿಸುತ್ತದೆ. ನಾನು ಬಳಸಿದಷ್ಟು ದಿನ ಅದರ ಲೆಕ್ಕವನ್ನು ಬೇರೆ ಮಾಡಿ ಕೊಟ್ಟಿರಲಿಲ್ಲ. ಕೆಲವು ಪುಟಗಳಿಗೆ ಕಾಣಿಸಿದ ಸಂಖ್ಯೆ ಜಾಸ್ತಿ, ಒತ್ತಿದವರು ಕಡಿಮೆ ಆಗಿದ್ದಾರೆ. ಉತ್ತರ ಅಲ್ಲೇ ಸಿಕ್ಕರೆ ಬಾಗಿಲು ತಟ್ಟುವವರು ಕಡಿಮೆಯಾಗುತ್ತಾರೆ. ಇದು ನನಗೆ ಚಿಂತೆಯ ವಿಷಯವೇ. ಅತ್ತೆಯ ಕೈಯ ಫೋಟೋ, ನಮ್ಮ ದರ, ನಮ್ಮ ಹುರಿಯುವ ದಿನ, ಇಂಥವು ಇರುವ ಪುಟಗಳಿಗೆ ಜನ ಈಗಲೂ ಬರುತ್ತಿದ್ದಾರೆ.

ಊರಿಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತು "ಹತ್ತಿರದ ಕಾಫಿ ಪುಡಿ ಅಂಗಡಿ" ಅಂತ ಹುಡುಕುವವರ ವಿಷಯ ಬೇರೆ. ಅದಕ್ಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಬೇಕು, ಅದೂ ಪುಕ್ಕಟೆ. ಅದರ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ. ಅಂಗಡಿ ಬಾಗಿಲು ತೆಗೆಯುವ ಸಮಯ ಮಾತ್ರ ಅದರಲ್ಲಿ ಸರಿಯಾಗಿ ಹಾಕಿ. ಹಬ್ಬದ ದಿನ ಮುಚ್ಚಿದ್ದರೆ ಅದನ್ನೂ ಹಾಕಿ. ಮೂಡಿಗೆರೆಯಿಂದ ಬಂದವರು ಮುಚ್ಚಿದ ಬಾಗಿಲು ನೋಡಿ ವಾಪಸ್ ಹೋಗಬಾರದು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಡಿಮೆ ಮಾಡಿದ್ದು ಕಾರಣ ಹೇಳದೆ ಪುಟ ಹೊರಗಿಡುವುದಕ್ಕೆ. ದಿನಾ ನೋಡುವ ಅಗತ್ಯ ಇಲ್ಲ. ನಾನು ಮೊದಮೊದಲು ದಿನಕ್ಕೆ ನಾಲ್ಕು ಸಲ ನೋಡಿ ಮನಸ್ಸು ಕೆಡಿಸಿಕೊಂಡೆ. ಈಗ ಸೋಮವಾರ ಮಧ್ಯಾಹ್ನ ಊಟ ಆದಮೇಲೆ ಅರ್ಧ ಗಂಟೆ. ಆ ವಾರ ಹೊಸದಾಗಿ ಬಂದ ಪ್ರಶ್ನೆ ಯಾವುದು ಅಂತ ನೋಡುತ್ತೇನೆ. ಅದು ನಮಗೆ ಗೊತ್ತಿರುವ ವಿಷಯವಾದರೆ ಬರೆಯುತ್ತೇನೆ. ಗೊತ್ತಿಲ್ಲದಿದ್ದರೆ ಬಿಡುತ್ತೇನೆ. ತಿಂಗಳಿಗೆ ಒಂದು ಪುಟ, ಹೆಚ್ಚೆಂದರೆ ಎರಡು. ಹೋಂಸ್ಟೇ ನಡೆಸುವವರು, ನರ್ಸರಿ ಇರುವವರು, ಮೆಣಸು, ಏಲಕ್ಕಿ, ಜೇನು ಮಾರುವವರು, ಎಲ್ಲರ ಗಿರಾಕಿಗಳೂ ಹೀಗೇ ಏನೋ ಕೇಳುತ್ತಿರುತ್ತಾರೆ. ಬರೆಯಲು ಬೇರೆಯವರನ್ನು ಇಟ್ಟುಕೊಂಡರೂ ತಪ್ಪಿಲ್ಲ. ಅವರು ನಿಮ್ಮ ಅಂಗಡಿಗೆ ಬಂದು ಒಂದು ದಿನ ಕೂತು ನೋಡುತ್ತಾರಾ ಅಂತ ಮಾತ್ರ ಕೇಳಿ. ಹಾಕುವ ಮೊದಲು ಒಂದೊಂದು ಸಾಲನ್ನೂ ನೀವೇ ಓದಿ.

ಈ ಸೋಮವಾರದ ಪಟ್ಟಿಯಲ್ಲಿ ಹೊಸ ಮಾತು ಒಂದು ಬಂತು. "ಹಿತ್ತಾಳೆ ಕಾಫಿ ಫಿಲ್ಟರ್ ತೊಳೆಯುವುದು ಹೇಗೆ." ನಾಲ್ಕು ಸಲ ಕಾಣಿಸಿದೆ, ಯಾರೂ ಒಳಗೆ ಬಂದಿಲ್ಲ. ಅತ್ತೆಗೆ ಹೇಳಿದೆ. ಮದುವೆಯಲ್ಲಿ ತವರಿಂದ ತಂದ ಹಿತ್ತಾಳೆ ಫಿಲ್ಟರ್ ಅಟ್ಟದ ಮೇಲೆ ಇದೆಯಂತೆ. ಯಜಮಾನರು ಏಣಿ ಹಾಕಿ ಇಳಿಸಿಕೊಟ್ಟರು. ಹುಣಸೆಹಣ್ಣು ನೆನೆಹಾಕಿ ಇಟ್ಟಿದ್ದಾರೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಕಿಟಕಿ ಹತ್ತಿರ ಬಿಸಿಲು ಬಂದಾಗ ಫೋಟೋ ತೆಗೆಯಬೇಕು.